ರೊಟ್ಟಿ ಉರುಸಿಗೆ ಹೊರಟ ಕೈ

ಆಳಂದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಗುರುಬಾಯಿ ಅವರ ಖಾನಾವಳಿಯ ಹಿತ್ತಲಲ್ಲಿ ಮಾತ್ರ ಒಲೆಗಳು ಹೊತ್ತಿಕೊಂಡಿವೆ. ತೊಗರಿ ಕಟ್ಟಿಗೆಯ ಹೊಗೆಗೆ ಕಣ್ಣು ಉರಿಯುತ್ತದೆ. ಒಂದು ಒಲೆಯ ಮುಂದೆ ಸುನಿತಾ, ಪಕ್ಕದ ಒಲೆಯ ಮುಂದೆ ಮುಸ್ಕಾನ. ಇಬ್ಬರ ಕೈಯಡಿಯಲ್ಲೂ ಜೋಳದ ರೊಟ್ಟಿ ಟಪಟಪ ಸದ್ದು ಮಾಡುತ್ತ ಅಗಲವಾಗುತ್ತಿದೆ. ಮೂರನೆಯ ಒಲೆಯ ಮುಂದೆ, ಸವೆದು ನುಣುಪಾದ ತಮ್ಮ ಹಳೆಯ ಮಣೆಯ ಮೇಲೆ ಸರ್ವರಬೇಗಂ ಕೂತಿದ್ದಾರೆ. ಅವರ ಒಲೆ ಆರಿದೆ. ಎರಡೂ ಕೈಗೆ ಕೊಬ್ಬರಿ ಎಣ್ಣೆ ಸವರಿ, ಮೆತ್ತನೆಯ ಅರಿವೆ ಸುತ್ತಿ, ಆ ಕೈಗಳನ್ನು ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡಿದ್ದಾರೆ.

ಕೈ ಸುಮ್ಮನಿದ್ದರೂ ಬಾಯಿಗೆ ಬಿಡುವಿಲ್ಲ. ಎಸರು ಇನ್ನೂ ಕುದಿಯಬೇಕು, ಹಿಟ್ಟು ಇನ್ನೊಂದು ಸಲ ನಾದಬೇಕು, ಅಂಚು ಬಿರಿಯಾಕತ್ತದ ನೋಡು ಎಂದು ಒಂದರ ಹಿಂದೊಂದು ಹೇಳುತ್ತಲೇ ಇರುತ್ತಾರೆ. ಸೊಸೆ ಮುಸ್ಕಾನ ಎಲ್ಲಕ್ಕೂ ಹೂಂಗುಟ್ಟಿ ತನಗೆ ತಿಳಿದಂತೆ ಮಾಡುತ್ತಾಳೆ. ಅವಳು ರೊಟ್ಟಿ ಬಡಿದಾಗಲೆಲ್ಲ ಅರಿವೆಯೊಳಗಿನ ಅತ್ತೆಯ ಅಂಗೈ ಮೆಲ್ಲಗೆ ಅಲುಗುತ್ತದೆ. ಅದನ್ನು ಕಂಡು ಸುನಿತಾ ನಗುತ್ತಾಳೆ. ಸರ್ವರಬೇಗಂ ನಗುವುದಿಲ್ಲ.

"ಕೈಗೆ ರಜಾ ಕೊಟ್ಟೀನ್ರಿ, ಆದ್ರ ಅದಕ್ಕ ಗೊತ್ತಾಗವಲ್ದು," ಎನ್ನುತ್ತಾರೆ. "ಮುಂಜಾನೆ ಆತಂದ್ರ ಹಿಟ್ಟು ಕೇಳ್ತದ."

ಜ್ವರ ಬಂದರೂ ಒಲೆ ಬಿಟ್ಟೇಳದ ಹೆಂಗಸು ಹೀಗೆ ಕೈ ಕಟ್ಟಿ ಕೂತಿರುವುದೇಕೆ ಎಂದು ಊಟಕ್ಕೆ ಬಂದವರೆಲ್ಲ ಕೇಳುತ್ತಾರೆ. ಅಫಜಲಪುರದ ಮೊದಲ ಬಸ್ಸಿಗೆ ಬಂದಿಳಿಯುವ ಮೇಷ್ಟ್ರು ರೊಟ್ಟಿ ಮುರಿದ ಕೂಡಲೇ ಇದು ಬೇರೆ ಕೈಯದು ಎಂದು ಮುಖ ಹುಳ್ಳಗೆ ಮಾಡಿಕೊಳ್ಳುತ್ತಾರೆ. ಉತ್ತರ ಕೊಟ್ಟು ಕೊಟ್ಟು ಗುರುಬಾಯಿ ಅವರಿಗೆ ಬೇಸರವಾಗಿದೆ. ಈಗ ಒಂದೇ ಮಾತು ಹೇಳಿ ಗಲ್ಲಾದ ಕಡೆ ತಿರುಗಿಬಿಡುತ್ತಾರೆ: ಆಕೆಯ ಬೆರಳಿನ ಗೆರೆ ಮೂಡಬೇಕಾಗಿದೆ.

ವಿಷಯ ಇಷ್ಟೇ. ಇಟಲಿಯ ಉತ್ತರ ತುದಿಯ ಬೆಟ್ಟದ ಸೀಮೆಯಲ್ಲಿ ಒಂದು ಸಣ್ಣ ಊರು. ಅಲ್ಲಿ ಪ್ರತಿ ವರ್ಷ ಅಕ್ಟೋಬರಿನಲ್ಲಿ ರೊಟ್ಟಿಯದೇ ಒಂದು ಉತ್ಸವ ನಡೆಯುತ್ತದೆ. ಸುತ್ತಲಿನ ಹಳ್ಳಿಯವರು ತಮ್ಮ ಮನೆಯ ರೊಟ್ಟಿ, ಬ್ರೆಡ್ಡು ಹೊತ್ತು ತಂದು ಚೌಕದಲ್ಲಿ ಬೇಯಿಸಿ ಹಂಚುತ್ತಾರೆ. ಹೊರದೇಶದಿಂದಲೂ ಒಬ್ಬಿಬ್ಬರನ್ನು ಕರೆಸುತ್ತಾರೆ. ಸರ್ವರಬೇಗಂ ಅದನ್ನು ಕರೆಯುವುದು 'ರೊಟ್ಟಿ ಉರುಸು' ಎಂದು. ಅಲ್ಲಿಗೆ ಹೋಗಲು ವೀಸಾ ಬೇಕು, ವೀಸಾಕ್ಕೆ ಹತ್ತೂ ಬೆರಳಿನ ಅಚ್ಚು ಬೇಕು. ದಿನಕ್ಕೆ ಮುನ್ನೂರರಷ್ಟು ರೊಟ್ಟಿ ಬಡಿದು, ಒದ್ದೆ ಕೈಯನ್ನು ಬಿಸಿ ಹಂಚಿನ ಮೇಲೆ ಆಡಿಸಿ, ಬೆರಳಲ್ಲೇ ರೊಟ್ಟಿ ತಿರುವಿ ಹಾಕಿದ ಕೈಯಲ್ಲಿ ಗೆರೆ ಎಲ್ಲಿ ಉಳಿಯಬೇಕು? ರೇಷನ್ ಅಂಗಡಿಯ ಯಂತ್ರ ಕೂಡ ಅವರ ಹೆಬ್ಬೆಟ್ಟನ್ನು ಗುರುತಿಸುವುದು ಬಿಟ್ಟು ಬಹಳ ಕಾಲವಾಯಿತು. ತಿಂಗಳು ತಿಂಗಳು ಮುಸ್ಕಾನಳೇ ಹೋಗಿ ಬೆರಳು ಒತ್ತಿ ಅಕ್ಕಿ ತರುತ್ತಾಳೆ.

ಸರ್ವರಬೇಗಂ ಹುಟ್ಟಿದ್ದು ಖಜೂರಿಯಲ್ಲಿ, ಮಹಾರಾಷ್ಟ್ರದ ಕಡೆ ಲಾರಿಗಳು ಸಾಲುಗಟ್ಟಿ ಹೋಗುವ ರಸ್ತೆಯ ಬದಿಗೆ. ಅವರ ತಾಯಿ ಕರೀಮುನ್ನಿಸಾ ಲಾರಿ ಚಾಲಕರ ಢಾಬಾಕ್ಕೆ ರೊಟ್ಟಿ ಮಾಡುತ್ತಿದ್ದರು. ಮಗಳಿಗೆ ಅಕ್ಷರಕ್ಕಿಂತ ಮೊದಲು ಹಿಟ್ಟಿನ ಹದ ಬಂತು. ಮದುವೆಯಾಗಿ ಆಳಂದಕ್ಕೆ ಬಂದಾಗ ಗಂಡ ಚಾಂದಪಾಶಾ ತೊಗರಿ ವ್ಯಾಪಾರದ ಅಡತಿ ಅಂಗಡಿಯಲ್ಲಿ ಚೀಲ ಹೊರುತ್ತಿದ್ದರು. ಒಂದು ದಿನ ಚೀಲದೊಂದಿಗೆ ಜಾರಿ ಬಿದ್ದರು. ಸೊಂಟ ಮತ್ತೆ ನೆಟ್ಟಗಾಗಲಿಲ್ಲ. ಮಗಳು ಮೆಹನಾಜ ಆಗ ಎದೆಹಾಲು ಕುಡಿಯುವ ಕೂಸು. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಸರ್ವರಬೇಗಂ ಗುರುಬಾಯಿ ಅವರ ಖಾನಾವಳಿಯ ಹಿಂಬಾಗಿಲಿಗೆ ಬಂದು ನಿಂತರು.

ಬಸವಣ್ಣನ ಪಟ ಹಾಕಿದ ಖಾನಾವಳಿ ಅದು. ಒಬ್ಬಿಬ್ಬರು ಊಟಗಾರರು ಯಾರ ಕೈಯ ರೊಟ್ಟಿ ಇದು ಎಂದು ಗೊಣಗಿದ್ದೂ ಉಂಟು. ಗುರುಬಾಯಿ ಆಗಿನ್ನೂ ಹರೆಯದ ಹೆಂಗಸು, ನಾಲಿಗೆ ಈಗಿನಷ್ಟೇ ಖಾರ. ಗೊಣಗಿದವರ ಮುಂದಿನ ತಾಟು ಎತ್ತಿಕೊಂಡು, ಹಸಿವಾದಾಗ ಬರ್ರಿ ಎಂದು ಹೇಳಿ ಕಳಿಸಿದರಂತೆ. ಮರುದಿನ ಅವರಿಗೆ ಹಸಿವಾಯಿತು, ಬಂದರು. ಆವತ್ತಿನಿಂದ ಇಬ್ಬರು ಹೆಂಗಸರೂ ಅಕ್ಕಪಕ್ಕದ ಒಲೆಯಲ್ಲಿ ಬೆಂದಿದ್ದಾರೆ. ಗುರುಬಾಯಿ ಅವರ ಮಣಿಕಟ್ಟು ಬಾವು ಬಂದು ಕೈಕೊಟ್ಟ ಮೇಲೆ ಅವರು ಗಲ್ಲಾಕ್ಕೆ ಹೋದರು. ಅವರ ಒಲೆಗೆ ಮೊದಲು ಸುನಿತಾ ಕೆಲಸಕ್ಕೆ ಬಂದಳು, ಆಮೇಲೆ ಇನ್ನೊಂದು ಒಲೆ ಹೂಡಿ ಮುಸ್ಕಾನಳನ್ನೂ ಕೂರಿಸಿದರು.

ಹಾಗಾದರೆ ಇಟಲಿ ಈ ಹಿತ್ತಲಿಗೆ ಬಂದದ್ದು ಹೇಗೆ? ನರೋಣಾದ ಸಂಜುಕುಮಾರ ತಂದದ್ದು. ಜೋಳ, ಸಜ್ಜೆಯ ಅಡುಗೆಗಳನ್ನು ಹೊರಗಿನವರಿಗೆ ಪರಿಚಯಿಸುವ ಒಂದು ಸಂಸ್ಥೆಯಲ್ಲಿ ಈತನಿಗೆ ಕೆಲಸ. ಊಟಕ್ಕೆ ಬಂದವನು ಹಿತ್ತಲಿಗೆ ಇಣುಕಿ, ರೊಟ್ಟಿ ಬಡಿಯುವುದನ್ನು ಮೊಬೈಲಿನಲ್ಲಿ ತೆಗೆದು ಆ ಬೆಟ್ಟದೂರಿಗೆ ಕಳಿಸಿದ. ಅಲ್ಲಿಂದ ಮಾರ್ತಾ ಎಂಬ ಹೆಂಗಸು ತನ್ನ ರೊಟ್ಟಿಯ ವಿಡಿಯೊ ಕಳಿಸಿದಳು. ಆಕೆಗೂ ತಲೆಗೆ ಅರಿವೆ, ಆಕೆಯ ಕೈಗೂ ಹಿಟ್ಟು. ನೀರು ನೀರಾದ ಕಣಕವನ್ನು ಪುಟ್ಟ ಹಲಗೆಯ ಮೇಲೆ ಹಾಕಿ ಜಾಡಿಸುತ್ತಾಳೆ. ಅದು ತಾನಾಗಿ ಹರಡಿ ದುಂಡಗಾಗುತ್ತದೆ. ಬೇಯಿಸಿ ಒಣಗಿಸಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ನಮ್ಮ ಖಡಕ್ ರೊಟ್ಟಿಯಂತೆಯೇ ಮುರಿದು ತಿನ್ನಬೇಕು.

"ಬಡಿಯಂಗಿಲ್ಲ, ಜಾಡಸ್ತಾಳ್ರಿ," ಎಂದು ಸರ್ವರಬೇಗಂ ಈಗಲೂ ಬೆರಗಾಗುತ್ತಾರೆ. "ನಾನೂ ಮಾಡಿ ನೋಡ್ದೆ. ಜ್ವಾಳ ಕೇಳಲಿಲ್ಲ. ಹಲಗಿ ಬಿಟ್ಟು ಗ್ವಾಡಿಗೆ ಹೋಗಿ ಕುಂತಿತು."

ಆ ವಿಡಿಯೊದಿಂದ ಶುರುವಾದ ಹುಚ್ಚು ಇನ್ನೂ ಇಳಿದಿಲ್ಲ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಅತ್ತೆ ಸೊಸೆ ಒಂದೇ ಮೊಬೈಲಿಗೆ ತಲೆ ತಾಗಿಸಿ ಕೂರುತ್ತಾರೆ. ಯುರೋಪಿನಲ್ಲಿ ತಿನ್ನುವ ಹಬ್ಬಕ್ಕೆ ಬರವಿಲ್ಲ. ಸ್ಪೇನಿನ ಬುನ್ಯೋಲ್ ಎಂಬ ಊರಲ್ಲಿ ಆಗಸ್ಟ್ ಕೊನೆಯ ಬುಧವಾರ ಜನ ಟೊಮ್ಯಾಟೊ ತೂರಿಕೊಂಡು ಮೈಯೆಲ್ಲ ಕೆಂಪಾಗುತ್ತಾರೆ. ಅದನ್ನು ಕಂಡಾಗ ಸರ್ವರಬೇಗಂ ಅವರ ಹೊಟ್ಟೆ ಉರಿಯಿತು. ಅಷ್ಟರಲ್ಲಿ ಎಷ್ಟು ಮಂದಿಗೆ ಸಾರಾಗುತ್ತಿತ್ತು ಎಂದು ಎರಡು ದಿನ ಅದನ್ನೇ ಹೇಳಿದರು. ಇಂಗ್ಲೆಂಡಿನ ಒಂದು ಕಡಿದಾದ ಗುಡ್ಡದಲ್ಲಿ ಗಾಲಿಯಂಥ ಚೀಸ್ ಉರುಳಿಬಿಟ್ಟು, ಅದರ ಹಿಂದೆ ಗಂಡಸರು ಹೆಂಗಸರು ಬಿದ್ದು ಎದ್ದು ಓಡುತ್ತಾರೆ. ಅದನ್ನು ನೋಡಿ ನಕ್ಕೂ ನಕ್ಕೂ ಪಕ್ಕೆ ಹಿಡಿದುಕೊಂಡರು. ಐರ್ಲೆಂಡಿನ ಗಾಲ್ವೆಯಲ್ಲಿ ಸೆಪ್ಟೆಂಬರಿನಲ್ಲಿ ಕಡಲ ಸಿಂಪಿಯ ಚಿಪ್ಪು ಬಿಚ್ಚಿ ಹಸಿಯಾಗಿಯೇ ನುಂಗುವವರನ್ನು ಕಂಡು ಮೊಬೈಲ್ ಮಗುಚಿ ಹಾಕಿದರು.

ಆದರೆ ಕೆಲವು ಹಬ್ಬಗಳನ್ನು ಮತ್ತೆ ಮತ್ತೆ ನೋಡುತ್ತಾರೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಅಕ್ಟೋಬರಿನ ಚಳಿಗೆ ದ್ವೀಪಗಳ ಬೆಸ್ತರು ದೋಣಿ ತಂದು ದಂಡೆಗೆ ಕಟ್ಟಿ, ದೋಣಿಯಿಂದಲೇ ಉಪ್ಪುಮೀನು ಮಾರುತ್ತಾರೆ, ಜೊತೆಗೆ ಕಪ್ಪು ರೊಟ್ಟಿ. ಸ್ವಿಟ್ಜರ್‌ಲ್ಯಾಂಡಿನ ಬರ್ನ್ ನಗರದಲ್ಲಿ ನವೆಂಬರಿನ ಒಂದು ಸೋಮವಾರ ಬೆಳಕು ಹರಿಯುವ ಮೊದಲೇ ಉಳ್ಳಾಗಡ್ಡಿ ಸಂತೆ ನೆರೆಯುತ್ತದೆ. ರೈತರು ಉಳ್ಳಾಗಡ್ಡಿಯನ್ನು ಹೆರಳಿನ ಹಾಗೆ ಹೆಣೆದು ತಂದು ತೂಗುಹಾಕುತ್ತಾರೆ. ಆ ಕತ್ತಲೆ, ಆ ದೀಪ, ಆ ಜನ. ತಾವು ಒಲೆಗೆ ಕಡ್ಡಿ ಗೀರುವ ಹೊತ್ತಿಗೆ ಎದ್ದು ಅವರೆಲ್ಲ ಕೆಲಸಕ್ಕಲ್ಲ, ಹಬ್ಬಕ್ಕೆ ಹೋಗುತ್ತಾರೆ ಎಂಬುದು ಸರ್ವರಬೇಗಂ ಅವರಿಗೆ ಬಿಡಿಸಲಾರದ ಸೋಜಿಗ.

ಯಾಕೆ ಹೋಗಬೇಕು ಎಂದು ಕೇಳಿದರೆ ಮೊದಲು ನಗುತ್ತಾರೆ. ಒತ್ತಾಯ ಮಾಡಿದ ಮೇಲೆ ಹೇಳುತ್ತಾರೆ. ಊರಿನ ಉರುಸಿರಲಿ, ಯಾರದೋ ಮದುವೆ ಇರಲಿ, ಎಳ್ಳಮಾವಾಸ್ಯೆಗೆ ಊರೆಲ್ಲ ಹೊಲಕ್ಕೆ ಹೋಗುವ ದಿನವಿರಲಿ, ಅವರ ಪಾಲಿಗೆ ಬಂದದ್ದು ಒಲೆ. ಬುಟ್ಟಿ ಬುಟ್ಟಿ ರೊಟ್ಟಿ ಹೊರಗೆ ಹೋಗುತ್ತದೆ, ಒಳಗೆ ಬರುವುದು ಜನರ ಸದ್ದು ಮಾತ್ರ. ಕಡೆಗೆ ಉಳಿದ ಒಂದು ಆರಿದ ರೊಟ್ಟಿಯನ್ನು ನಿಂತೇ ತಿಂದು ಮನೆಗೆ ನಡೆಯುವುದು. ಇದಕ್ಕೆ ಅವರು ಯಾರನ್ನೂ ದೂರುವುದಿಲ್ಲ. ಆದರೆ ಒಳಗೊಂದು ಆಸೆ ಕೂತುಬಿಟ್ಟಿದೆ. ಮೊದಲ ಕರೆ ಬಂದಾಗಲೇ ಅದನ್ನು ಬಾಯಿಬಿಟ್ಟು ಹೇಳಿದ್ದರು.

"ನನ್ನವ್ವ ಸತ್ತ ಮ್ಯಾಲ ನನಗ ಯಾರೂ ಬಿಸಿ ರೊಟ್ಟಿ ಬಡದು ಕೊಟ್ಟಿಲ್ರಿ. ಎಲ್ಲರಿಗೂ ನಾನೇ ಬಡೀತೇನಿ. ಅಲ್ಲಿ ಹೋದ್ರ ಎರಡು ದಿನ ನಾ ಮಾಡಿ ತೋರ್ಸಬೇಕು. ಒಂದು ದಿನ ಖುಲ್ಲಾ. ಅವತ್ತ ಖಾಲಿ ಕೈಲೆ ಉರುಸಿನ್ಯಾಗ ತಿರಗ್ತೇನಿ. ಆ ಮಾರ್ತಾ ಕೂಡ್ಸಿ ಒಂದು ರೊಟ್ಟಿ ಕೊಟ್ರ ತಿಂತೇನಿ. ಅಷ್ಟೇ."

ಅಷ್ಟಕ್ಕೇ ಹೋದ ವರ್ಷವೇ ಎಲ್ಲ ಸಿದ್ಧವಾಗಿತ್ತು. ಕರೆಯೋಲೆ ಬಂದಿತ್ತು, ಪಾಸ್‌ಪೋರ್ಟ್ ಹೇಗೋ ಆಗಿತ್ತು, ಬೆಂಗಳೂರಿನ ವೀಸಾ ಕೇಂದ್ರಕ್ಕೆ ಹೋಗುವ ದಿನ ನಿಗದಿಯಾಗಿತ್ತು. ಓಣಿಯ ಹೆಣ್ಣು ಮಕ್ಕಳಿಗೆ ಅದು ಮದುವೆಯಷ್ಟೇ ಸಡಗರ. ನಮ್ಮ ಸರ್ವರಮ್ಮ ವಿಲಾಯತಿಗೆ ಹೊರಟಾಗ ಬರಿಗೈಯಲ್ಲಿ ಕಳಿಸುವುದೇ? ಜೇವರ್ಗಿಗೆ ಕೊಟ್ಟ ಮಗಳು ಮೆಹನಾಜ ಬಸ್ ಹತ್ತಿ ಬಂದಳು, ರಾತ್ರಿ ಊಟವಾದ ಮೇಲೆ ತಾಯಿಯ ಕೈ ಹಿಡಿದು ಮೆಹಂದಿ ಹಚ್ಚಿದಳು. ಅಂಗೈ ತುಂಬ ಹೂಬಳ್ಳಿ. ಹತ್ತೂ ಬೆರಳಿನ ತುದಿಗೆ ಟೊಪ್ಪಿಗೆ ತೊಡಿಸಿದ ಹಾಗೆ ಗಟ್ಟಿ ಮೆಹಂದಿ. ತಾಯಿಯ ಕಾವಿನ ಕೈಗೆ ಅದು ಎಷ್ಟು ಚೆಂದ ಹತ್ತಿತೆಂದರೆ, ಬೆಳಿಗ್ಗೆ ನೋಡಿದವರೆಲ್ಲ ದೃಷ್ಟಿ ತೆಗೆದರು.

ವೀಸಾ ಕೇಂದ್ರದ ಗಾಜಿನ ಮೇಲೆ ಆ ಕೈ ಇಟ್ಟಾಗ ಯಂತ್ರಕ್ಕೆ ಏನೂ ಕಾಣಲಿಲ್ಲ. ಅಲ್ಲಿದ್ದ ಹುಡುಗಿ ಸಮಾಧಾನದವಳು. ಒರೆಸಿ ಇಡಿಸಿದಳು, ಒತ್ತಿ ಇಡಿಸಿದಳು, ಒಂದೊಂದೇ ಬೆರಳು ಹಿಡಿದು ನೋಡಿದಳು. ಗೆರೆ ಮೊದಲೇ ಸವೆದಿದೆ, ಅದರ ಮೇಲೆ ಮೆಹಂದಿ ಬೇರೆ ಎಂದು ತಿಳಿಸಿ ಹೇಳಿದಳು. ಬಣ್ಣ ಹೋಗಲಿ, ಕೈಗೆ ಬಿಡುವು ಕೊಡಿ, ಗೆರೆ ಮೂಡಿದ ಮೇಲೆ ಬನ್ನಿ ಎಂದಳು. ಮೂಡುವಷ್ಟರಲ್ಲಿ ಅಕ್ಟೋಬರ್ ಕಳೆಯಿತು. ಮೆಹನಾಜ ಇವತ್ತಿಗೂ ಫೋನಿನಲ್ಲಿ ಆ ಮಾತು ಬಂದರೆ ಅಳುತ್ತಾಳೆ. ಚೆಂದ ಹತ್ತಿತ್ತಲ್ಲ, ಬಿಡು ಎಂದು ತಾಯಿಯೇ ಅವಳನ್ನು ಸಂತೈಸಬೇಕು.

ಸರ್ವರಬೇಗಂ ಅವರ ಬದಲು ಅವರ ರೊಟ್ಟಿ ಹೋಯಿತು. ಡಬ್ಬಿ ತುಂಬ ಎಳ್ಳು ಹಚ್ಚಿದ ಖಡಕ್ ರೊಟ್ಟಿಯನ್ನು ಸಂಜುಕುಮಾರ ಒಯ್ದ. ಬರುವಾಗ ಅದೇ ಡಬ್ಬಿಯಲ್ಲಿ ಮಾರ್ತಾಳ ರೊಟ್ಟಿ ತುಂಬಿಸಿ ತಂದ. ಅದನ್ನು ಮುರಿದರೆ ಬಡೇಸೋಪಿನಂಥ ಏನೋ ಒಂದು ವಾಸನೆ. ಖಾನಾವಳಿಯವರೆಲ್ಲ ತೊಗರಿಬೇಳೆಯಲ್ಲಿ ನೆನೆಸಿಕೊಂಡು ಉಂಡರು. ಒಂದು ಚೂರು ಇನ್ನೂ ಡಬ್ಬಿಯಲ್ಲಿದೆ. ಸರ್ವರಬೇಗಂ ಅದನ್ನು ತಿನ್ನುವುದಿಲ್ಲ. ಆಗಾಗ ಮುಚ್ಚಳ ತೆಗೆದು ಮೂಸಿ ನೋಡಿ ಮತ್ತೆ ಮುಚ್ಚುತ್ತಾರೆ.

ಈ ವರ್ಷ ಮತ್ತೆ ಕರೆ ಬಂದಿದೆ. ಮುಂದಿನ ವಾರ ಬೆಂಗಳೂರಿಗೆ ಹೋಗಬೇಕು. ಈ ಸಲ ತಪ್ಪಿದರೆ ಮೂರನೆಯ ಸಲ ಯಾರೂ ಕರೆಯುವುದಿಲ್ಲ ಎಂದು ಸಂಜುಕುಮಾರ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಹಾಗಾಗಿ ಈ ಎಣ್ಣೆ, ಈ ಅರಿವೆ. ಯಾರದೋ ಸೀಮಂತದ ಊಟಕ್ಕೆ ಬಂದ ರೊಟ್ಟಿಯ ಕೆಲಸವನ್ನೂ ಗುರುಬಾಯಿ ಬೇಡವೆಂದು ತಿರುಗಿಸಿದರು. ಮುಸುರೆ ತಿಕ್ಕುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ಬಿಸಿ ಮುಟ್ಟುವಂತಿಲ್ಲ. ಚಾಂದಪಾಶಾ ಮಲಗಿದ ಹಾಸಿಗೆಯಿಂದಲೇ, ನವಾಬನ ಬೇಗಂ ಆಗಿಬಿಟ್ಟೆ ನೋಡು ಎಂದು ಹೆಂಡತಿಯನ್ನು ಕೆಣಕುತ್ತಾರೆ.

ಈ ಬಿಡುವಿನ ನಡುವೆಯೇ ರೊಟ್ಟಿ ಹಬ್ಬ ಬಂತು. ನಾಗರಪಂಚಮಿಗೆ ಮುಂಚೆ ಈ ಕಡೆ ಮನೆಮನೆಯಲ್ಲೂ ರೊಟ್ಟಿ ಬಡಿದು, ನಾಲ್ಕಾರು ಬಗೆಯ ಪಲ್ಯ, ಚಟ್ನಿಪುಡಿಯಂಥ ಹಿಂಡಿ ಇಟ್ಟು ಓಣಿಗೆಲ್ಲ ಹಂಚುತ್ತಾರೆ. ಜಾತಿ ಧರ್ಮ ಕೇಳದೆ ತಾಟುಗಳು ಮನೆಯಿಂದ ಮನೆಗೆ ಓಡಾಡುತ್ತವೆ. ಬಂದ ತಾಟನ್ನು ಬರಿದಾಗಿ ಹಿಂದಿರುಗಿಸುವ ರೂಢಿ ಇಲ್ಲ. ಗುರುಬಾಯಿ ಅವರ ಹಿತ್ತಾಳೆ ತಾಟು ಪ್ರತಿ ವರ್ಷ ಸರ್ವರಬೇಗಂ ಅವರ ಮನೆಗೆ ಬರುತ್ತದೆ, ಅವರ ಕೈಯ ಎಳ್ಳು ಸಜ್ಜಿರೊಟ್ಟಿ ಹೊತ್ತು ಮರಳುತ್ತದೆ. ಒಂದು ವರ್ಷವೂ ತಪ್ಪಿದ್ದಿಲ್ಲ.

ಈ ವರ್ಷ ಗುರುಬಾಯಿ ಬಂದರು, ಆದರೆ ತಾಟಿನಲ್ಲಿ ಪಲ್ಯ ಇತ್ತು, ಹಿಂಡಿ ಇತ್ತು, ರೊಟ್ಟಿ ಇರಲಿಲ್ಲ. ನೇರ ಒಳಗೆ ಹೋಗಿ ಸೆರಗು ಸಿಗಿಸಿ, ಸರ್ವರಬೇಗಂ ಅವರ ಒಲೆಯ ಮುಂದೆ ಕೂತು, ಬಾತ ಮಣಿಕಟ್ಟಿಗೆ ಅರಿವೆ ಬಿಗಿದುಕೊಂಡು ಹಿಟ್ಟು ನಾದತೊಡಗಿದರು. ತಡೆಯಲು ಎದ್ದು ಬಂದ ಸರ್ವರಬೇಗಂ ಅವರನ್ನು ಗದರಿಸಿದರು.

"ಕೂಡು ಬೇ. ಕೈ ಹಚ್ಚಿದ್ರ ನೋಡು. ಇವತ್ತ ನಾ ಬಡೀತೇನಿ, ನೀ ಉಣ್ಣು."

ಒಂದೊಂದು ಏಟಿಗೂ ಗುರುಬಾಯಿ ಅವರ ಮುಖ ಕಿವುಚಿಕೊಳ್ಳುತ್ತಿತ್ತಂತೆ. ರೊಟ್ಟಿ ದುಂಡಗೂ ಆಗಲಿಲ್ಲ, ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ಆದರೂ ಹಂಚಿನ ಮೇಲೆ ಉಬ್ಬಿತು. ಆ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ತಾಟಿಗೆ ಹಾಕಿದಾಗ ಸರ್ವರಬೇಗಂ ಒಂದು ತುತ್ತು ಮುರಿದರು. ಹೊಗೆ ಎಂದು ಹೇಳಿ ಕಣ್ಣು ಒರೆಸಿಕೊಂಡರು. ಆಮೇಲೆ ಇನ್ನೊಂದು ಕೇಳಿ ತಿಂದರು.

ಉಂಡಾದ ಮೇಲೆ ತಾಟಿನ ಚಿಂತೆ ಹತ್ತಿತು. ಬರಿದಾಗಿ ಹೇಗೆ ಕೊಡುವುದು? ಒಂದೇ ಒಂದು ರೊಟ್ಟಿ, ಅಷ್ಟರಲ್ಲಿ ಬೆರಳಿಗೆ ಏನಾದೀತು ಎಂದು ಸರ್ವರಬೇಗಂ ಹಿಟ್ಟಿಗೆ ಕೈ ಚಾಚಿಯೇಬಿಟ್ಟರು. ಗುರುಬಾಯಿ ಆ ಕೈಯನ್ನು ನಡುವೆಯೇ ಹಿಡಿದರು.

"ತಾಟು ನಿನ್ನ ಹಂತ್ಯಾಕ ಇರ್ಲಿ," ಎಂದರು. "ಅಲ್ಲಿಂದ ಬಂದ ಮ್ಯಾಲ ಆ ಮಾರ್ತಾನ ರೊಟ್ಟಿ ತುಂಬ್ಸಿ ಕೊಡು. ಅಲ್ಲೀತನಾ ನಾ ತಾಟು ಕೇಳಂಗಿಲ್ಲ."

ಇಷ್ಟಾದ ಮೇಲೆ, ಉಣ್ಣುವ ಆಸೆ ಮನೆಯಲ್ಲೇ ತೀರಿತಲ್ಲ, ಇನ್ನು ಇಟಲಿ ಯಾಕೆ ಎಂದು ಮುಸ್ಕಾನ ಅತ್ತೆಯನ್ನು ಛೇಡಿಸಿದಳು. ಸರ್ವರಬೇಗಂ ತಮಾಷೆಗೂ ಹೌದೆನ್ನಲಿಲ್ಲ.

"ಆಸೆ ಕಮ್ಮಿ ಆಗಿಲ್ರಿ, ಹೆಚ್ಚಾಗೇದ," ಎನ್ನುತ್ತಾರೆ. "ಕೂತು ಉಣ್ಣೋದು ಹಿಂಗ ಇರ್ತದಂತ ಮೊದ್ಲ ಗೊತ್ತಿರಲಿಲ್ಲ. ಈಗ ಗೊತ್ತಾಗಿ ಕುಂತದ."

ಇವತ್ತು ಖಾನಾವಳಿಯಲ್ಲಿ ಬೆಳಗಿನ ಬುಟ್ಟಿ ತುಂಬಿದ ಮೇಲೆ ಸರ್ವರಬೇಗಂ ಮನೆಗೆ ಹೋಗಿ ಅರಿವೆ ಬಿಚ್ಚಿ, ಸೋಪು ಹಚ್ಚಿ ಕೈ ತೊಳೆಯುತ್ತಾರೆ. ಬೆರಳಿನ ತುದಿಗಳನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಕಾಣುತ್ತದೆ ಎಂದರೆ ಕಾಣುತ್ತದೆ, ಇಲ್ಲವೆಂದರೆ ಇಲ್ಲ. ಬೆಂಗಳೂರಿಗೆ ಹೋಗಿ ನಿಂತು ಮತ್ತೆ ಅವಮಾನ ಯಾಕೆ, ಮೊದಲು ಇಲ್ಲೇ ನೋಡಿಬಿಡೋಣ ಎಂದು ರೇಷನ್ ಚೀಲ ತಾವೇ ಹಿಡಿದು ಹೊರಡುತ್ತಾರೆ. ಮುಸ್ಕಾನ ಹಿಂದೆಯೇ ಓಡುತ್ತಾಳೆ.

ಅಂಗಡಿಯಲ್ಲಿ ಸರತಿ ಉದ್ದವಿದೆ. ಸರ್ವರಬೇಗಂ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಯಾರಿಗೂ ತಾಗದಂತೆ ನಿಂತಿದ್ದಾರೆ. ಅವರ ಪಾಳಿ ಬಂದಾಗ ಅಂಗಡಿಯ ಅಂಬಾರಾಯ ರೂಢಿಯಂತೆ ಮುಸ್ಕಾನಳ ಕಡೆ ಯಂತ್ರ ಚಾಚುತ್ತಾರೆ. ನಡುವೆ ಅತ್ತೆಯ ಹೆಬ್ಬೆಟ್ಟು ಬರುತ್ತದೆ. ಸುಮ್ಮನೆ ಹೊತ್ತು ಹೋಗುತ್ತದೆ ಬಿಡ್ರಿ ಎಂದು ಅಂಬಾರಾಯ ಹೇಳುತ್ತಿರುವಾಗಲೇ ಅವರು ಗಾಜಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚುತ್ತಾರೆ. ಯಂತ್ರ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆಮೇಲೆ ಕುಂಯ್ ಎನ್ನುತ್ತದೆ. ಚೀಟಿ ಹೊರಬರುತ್ತದೆ, ಅದರ ಮೇಲೆ ಅವರದೇ ಹೆಸರು.

"ಬಂತು ನೋಡ್ರಿ, ಅಕ್ಕಾ," ಎನ್ನುತ್ತಾರೆ ಅಂಬಾರಾಯ, ತಮಗೇ ನಂಬಿಕೆ ಇಲ್ಲದವರಂತೆ.

ಸರ್ವರಬೇಗಂ ಕಣ್ಣು ತೆರೆದು ಯಂತ್ರವನ್ನು ನೋಡುತ್ತಾರೆ, ಬೆರಳನ್ನು ನೋಡುತ್ತಾರೆ. "ಇನ್ನೊಮ್ಮೆ ಇಡ್ಲೇನ್ರಿ?"

ಅಕ್ಕಿ ತಿಂಗಳಿಗೆ ಒಂದೇ ಸಲ ಎಂದು ಅಂಬಾರಾಯ ನಗುತ್ತಾರೆ.

"ಅಕ್ಕಿ ಬ್ಯಾಡ್ರಿ. ಸುಮ್ಮ ಇಡ್ತೇನಿ."

ಸರತಿಯಲ್ಲಿ ನಿಂತವರೆಲ್ಲ ನಗುತ್ತಾರೆ, ಆಕೆಯೂ ನಗುತ್ತಾರೆ. ಒಂದು ಹೆಬ್ಬೆಟ್ಟು ಬಂದ ಮಾತ್ರಕ್ಕೆ ಹತ್ತೂ ಬೆರಳು ಬರುತ್ತವೆ ಎನ್ನುವಂತಿಲ್ಲ. ಬೆರಳು ಬಂದರೂ ವೀಸಾ ಬರಬೇಕು. ಮುಸ್ಕಾನ ದಾರಿಯುದ್ದಕ್ಕೂ ಇದನ್ನೇ ಹೇಳುತ್ತ, ಅಕ್ಕಿಯ ಚೀಲವನ್ನು ಅತ್ತೆಗೆ ಮುಟ್ಟಗೊಡದೆ ತಾನೇ ಹೊತ್ತು ನಡೆಯುತ್ತಾಳೆ. ಸರ್ವರಬೇಗಂ ಮನೆಗೆ ಬಂದವರೇ ಗೋಡೆಯ ಮಾಡದಲ್ಲಿಟ್ಟಿದ್ದ ಗುರುಬಾಯಿ ಅವರ ಹಿತ್ತಾಳೆ ತಾಟನ್ನು ಕೆಳಗಿಳಿಸಿ, ಸೆರಗಿನಿಂದ ಒರೆಸಿ, ಹೋದ ವರ್ಷದಿಂದ ಬರಿದಾಗಿಯೇ ಬಿದ್ದಿರುವ ಪ್ರಯಾಣದ ಚೀಲಕ್ಕೆ ಹಾಕುತ್ತಾರೆ. ಅದರಲ್ಲಿ ಇನ್ನೂ ಒಂದು ಸೀರೆ ಸಹ ಇಟ್ಟಿಲ್ಲ. ಅಲ್ಲಿಗೆ ತಾಟು ಯಾಕೆ, ಅಲ್ಲೂ ತಾಟು ಇರುತ್ತವೆ ಎಂದು ಸೊಸೆ ಹೇಳಿದರೂ ಕೇಳುವುದಿಲ್ಲ.

"ಗುರುಬಾಯಕ್ಕನ ತಾಟು ಇದು. ನನ್ನ ಸಂಗಟನೇ ಬರ್ಲಿ," ಎನ್ನುತ್ತಾರೆ. "ಖಾಲಿ ಒಯ್ತೇನಿ. ಖಾಲಿ ತರಂಗಿಲ್ಲ."